ಸೊನ್ನೆ ನೋಡಿ ಮೋಸಹೋಗಬೇಡಿ

ಪ್ರಶ್ನೆ: ಡಾಕ್ಟ್ರೇ, ಹೋದ ತಿಂಗಳು ನಮ್ಮ ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟಿದ್ದೆವು. ರಿಪೋರ್ಟಿನಲ್ಲಿ ಆರ್ಸೆನಿಕ್ 0.018 ಎಂದಿದೆ. 12 ವರ್ಷದಿಂದ ಇದೇ ನೀರನ್ನು ಕುದಿಸಿ ಕುಡಿಯುತ್ತಿದ್ದೇವೆ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಇಷ್ಟು ಸಣ್ಣ ಸಂಖ್ಯೆಗೆ ಹೆದರಬೇಕಾ? ರಕ್ತ ಪರೀಕ್ಷೆ ಮಾಡಿಸಲೇ?

ಉತ್ತರ: ಸೊನ್ನೆಗಳಿಂದಾಗಿ ಸಂಖ್ಯೆ ಸಣ್ಣದಾಗಿ ಕಾಣುತ್ತಿದೆ ಅಷ್ಟೆ. ಅದು ಲೀಟರಿಗೆ ಮಿಲಿಗ್ರಾಂ ಲೆಕ್ಕ. ಮೈಕ್ರೋಗ್ರಾಂಗೆ ತಂದರೆ 18. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. 1993ಕ್ಕೆ ಮುಂಚೆ 50 ಇತ್ತು. ಈ 10 ಕೂಡ, ಅದರ ಕೆಳಗೆ ಅಪಾಯವೇ ಇಲ್ಲ ಅಂತ ಇಟ್ಟದ್ದಲ್ಲ. ನೀರಿನಿಂದ ತೆಗೆಯುವ ಕಷ್ಟವನ್ನೂ ನೋಡಿ ಸದ್ಯಕ್ಕೆ ಇಟ್ಟುಕೊಂಡದ್ದು.

ಕುದಿಸಿದರೆ ಸಾಯುವುದು ಕ್ರಿಮಿಗಳು. ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಕುದಿದು ಮುಕ್ಕಾಲಾದರೆ ನಿಮ್ಮ 18 ಹೋಗಿ 24 ಆಗಿರುತ್ತದೆ!

ಇನ್ನು ‘ಏನೂ ಆಗಿಲ್ಲ’ ಎಂಬ ಮಾತು. ಚಿಲಿ ದೇಶದ ಆಂಟೊಫಗಾಸ್ಟಾ ಊರಿಗೆ 1958ರಲ್ಲಿ ಹೊಸ ನದಿ ನೀರು ತಂದರು. ಅದರಲ್ಲಿ ಆರ್ಸೆನಿಕ್ 800 ದಾಟಿತ್ತು. ಶುದ್ಧೀಕರಣ ಘಟಕ ಬಂದದ್ದು 1970ರ ಹೊತ್ತಿಗೆ. ನೀರು ಸರಿಹೋಗಿ 20 ವರ್ಷ ಕಳೆದರೂ ಅಲ್ಲಿ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಜಾಸ್ತಿಯೇ ಇದ್ದವು. ನಿಮ್ಮ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ, ಗಾಬರಿ ಬೇಡ. ಆದರೆ ಈ ವಿಷ ತಡವಾಗಿ ಲೆಕ್ಕ ಕೇಳುತ್ತದೆ.

ಮೊದಲು ಸುಳಿವು ಕೊಡುವುದು ಸಾಮಾನ್ಯವಾಗಿ ಚರ್ಮ. ಅಂಗೈಯನ್ನು ನಾನು ಕಣ್ಣಿಗಿಂತ ಹೆಬ್ಬೆರಳಿನಿಂದ ಜಾಸ್ತಿ ನೋಡುತ್ತೇನೆ. ಆರ್ಸೆನಿಕ್ ಹಿಡಿದ ಅಂಗೈಯಲ್ಲಿ ಚರ್ಮ ಅಲ್ಲಲ್ಲಿ ಗಟ್ಟಿಯಾಗಿ, ಸವರಿದರೆ ಮರಳು ಕಾಳಿನ ಹಾಗೆ ತೊಡಕುತ್ತದೆ. ಒಬ್ಬರು ಅದನ್ನು ಆಣಿ ಅಂದುಕೊಂಡು ವರ್ಷಗಟ್ಟಲೆ ಬ್ಲೇಡಿನಿಂದ ಕೆರೆದುಕೊಂಡಿದ್ದರು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳೂ ಬರುತ್ತವೆ. ನಿಮ್ಮ ಮಟ್ಟದಲ್ಲಿ ಇವು ಕಾಣುವುದು ಅಪರೂಪ. ಅಂದರೆ ಅಂಗೈ ನುಣುಪಾಗಿದೆ ಅಂತ ಅದೇ ನೀರು ಮುಂದುವರಿಸುವ ಹಾಗಿಲ್ಲ.

ರಕ್ತ ಪರೀಕ್ಷೆಗೆ ಸುಮ್ನೆ ದುಡ್ಡು ಹಾಕಬೇಡಿ. ಆರ್ಸೆನಿಕ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೂತ್ರ ಪರೀಕ್ಷೆಯೂ ಕೆಲವು ದಿನಗಳ ಕಥೆಯನ್ನಷ್ಟೇ ಹೇಳುತ್ತದೆ. ಹಿಂದಿನ ದಿನ ಸಮುದ್ರದ ಮೀನು ತಿಂದಿದ್ದರೆ ಅದೂ ಏರುಪೇರು, ಮೀನಿನಲ್ಲಿರುವ ಆರ್ಸೆನಿಕ್ ಹೆಚ್ಚಾಗಿ ನಿರುಪದ್ರವಿಯಾದರೂ.

ಆ ದುಡ್ಡನ್ನು ನೀರಿಗೆ ಹಾಕಿ. ಕುಡಿಯಲು, ಅಡುಗೆಗೆ ಬೇರೆ ನೀರು ಮಾಡಿಕೊಳ್ಳಿ. ಸ್ನಾನಕ್ಕೆ, ಬಟ್ಟೆಗೆ ಇದೇ ಸಾಕು. ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ. ಬರೀ ಇದ್ದಿಲಿನ ಫಿಲ್ಟರ್ ನಂಬಬೇಡಿ. ಆರ್‌ಓ ಆಗಬಹುದು, ಆರ್ಸೆನಿಕ್ ಹೀರಲೆಂದೇ ಮಾಡಿದ ಫಿಲ್ಟರ್ ಆಗಬಹುದು. ಹಾಕಿಸಿದ ಮೇಲೆ ಅದರ ನಲ್ಲಿ ನೀರನ್ನೂ ಲ್ಯಾಬಿಗೆ ಕೊಡಿ. ಇದನ್ನು ಮುಕ್ಕಾಲು ಜನ ಮರೆಯುತ್ತಾರೆ. ಮನೆಯಲ್ಲಿ ಬಸುರಿಯೋ ಬಾಟಲಿ ಹಾಲಿನ ಕೂಸೋ ಇದ್ದರೆ ಫಿಲ್ಟರ್ ಬರುವವರೆಗೂ ಕಾಯಬೇಡಿ, ಇವತ್ತೇ ನೀರು ಬದಲಾಯಿಸಿ. ಬೀಡಿ, ಸಿಗರೇಟು ಸೇದುವವರಿದ್ದರೆ ಅದನ್ನೂ ಬಿಡಿಸಿ. ಹೊಗೆ, ಆರ್ಸೆನಿಕ್ ಎರಡೂ ಸೇರಿದರೆ ಶ್ವಾಸಕೋಶಕ್ಕೆ ಬೀಳುವ ಪೆಟ್ಟು ಇನ್ನೂ ದೊಡ್ಡದು.