ಮಂಡಿ ಟೈರಲ್ಲ, ಸವೆದು ಮುಗಿಯಲು

ಪ್ರಶ್ನೆ: ನನಗೆ 63 ವರ್ಷ. ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿದ ಡಾಕ್ಟರು ‘ಸವೆದಿದೆ, ಆಪರೇಷನ್ ಈಗಲೇ ಬೇಡ, ವ್ಯಾಯಾಮ ಮಾಡಿ’ ಅಂದರು. ಯಾವ ವ್ಯಾಯಾಮ ಅಂತ ಹೇಳಲಿಲ್ಲ. ದಿನಾ 40 ನಿಮಿಷ ವಾಕಿಂಗ್ ಮಾಡುತ್ತೇನೆ. ಆದರೂ ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ. ಇನ್ನಷ್ಟು ಸವೆಯದಿರಲಿ ಅಂತ ಮಹಡಿ ಹತ್ತುವುದನ್ನೇ ಬಿಟ್ಟಿದ್ದೇನೆ. ಸರಿ ತಾನೇ ಮೇಡಂ?
– ಓದುಗರು, ಹಾಸನ

ಉತ್ತರ: ಸರಿಯಲ್ಲಮ್ಮ. ‘ಸವೆದಿದೆ’ ಎಂಬ ಒಂದು ಮಾತು ಎಷ್ಟು ಜನರನ್ನು ಮೂಲೆಗೆ ಕೂರಿಸಿದೆಯೋ! ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲಿನ ಮೇಲೆ ಭಾರ ಬಿದ್ದು, ಸಡಿಲಾಗಿ, ಮತ್ತೆ ಬಿದ್ದಾಗಲೇ ಸುತ್ತಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುವುದು. ಕೂತರೆ ಉಳಿಯುತ್ತದೆ ಎನ್ನುವ ಲೆಕ್ಕವೇ ತಲೆಕೆಳಗು.

ಮೆಟ್ಟಿಲು ಇಳಿಯುವಾಗ ಮೈಭಾರವನ್ನು ತಡೆದು ಹಿಡಿಯುವುದು ತೊಡೆಯ ಮುಂದಿನ ಸ್ನಾಯು. ಅದು ಸೋತಿದ್ದರೆ ಏಟು ನೇರ ಕೀಲಿಗೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ಆ ಸ್ನಾಯುವಿಗೆ ಅಂಥ ದುಡಿಮೆಯೇನೂ ಇಲ್ಲ. ವಾಕಿಂಗ್ ಬಿಡಬೇಡಿ, ಹೃದಯಕ್ಕೆ, ಶುಗರಿಗೆ ಅದು ಬೇಕು. ಮಂಡಿಗೆ ಮಾತ್ರ ಅದೊಂದೇ ಸಾಲದು.

ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿಯಾದರೆ ಇದು ಕಡ್ಡಾಯ, ಟೈಲ್ಸ್ ಮೇಲೆ ಅದು ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕಡಿಮೆ ಎಂದೇ ಲೆಕ್ಕ. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಇನ್ನು ವ್ಯಾಯಾಮ. ಅದೂ ಇದೇ ಕುರ್ಚಿ, ನಿಧಾನವಾಗಿ ಅಷ್ಟೆ. ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ. ಕೂರುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಇಳಿಯಿರಿ. ‘ದೊಪ್’ ಅಂತ ಕೂತರೆ ಅದು ಲೆಕ್ಕಕ್ಕಿಲ್ಲ. ಎಂಟು ಸಲ, ಒಂದು ನಿಮಿಷ ವಿಶ್ರಾಂತಿ, ಮತ್ತೆ ಎಂಟು. ದಿನ ಬಿಟ್ಟು ದಿನ. ಏಳಲಾಗದಿದ್ದರೆ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ತಿಂಗಳಾದ ಮೇಲೆ ದಿಂಬು ತೆಗೆಯಿರಿ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮಂಡಿ ಎಂದಿನಂತಿದ್ದರೆ ನಿನ್ನೆಯ ಅಳತೆ ಸರಿ. ನೋವು ಜಾಸ್ತಿಯಾಗಿದ್ದರೆ ಅರ್ಧಕ್ಕೆ ಇಳಿಸಿ. ಬಿಡಬೇಡಿ, ಇಳಿಸಿ. ಮಂಡಿ ಕೆಂಪಾಗಿ ಬಿಸಿಯೇರಿ ಊದಿಕೊಂಡರೆ, ಮೀನಖಂಡ ಒಂದೇ ಕಡೆ ಊದಿದರೆ ಮಾತ್ರ ಡಾಕ್ಟರ ಹತ್ತಿರ ಓಡಬೇಕು.

ಇದೊಂದೇನಾ ಅನ್ನಬೇಡಿ. ಮೈಸೂರಿನಲ್ಲಿ ಪ್ರಾಕ್ಟೀಸ್ ಶುರುಮಾಡಿದ ಹೊಸತರಲ್ಲಿ ನಾನು ಹನ್ನೊಂದು ವ್ಯಾಯಾಮದ ಚಿತ್ರವಿರುವ ಹಾಳೆಯನ್ನು ಬಂದವರಿಗೆಲ್ಲ ಜಂಬದಿಂದ ಕೊಡುತ್ತಿದ್ದೆ. ಒಬ್ಬ ಅಜ್ಜಿ ತಿಂಗಳು ಬಿಟ್ಟು ಬಂದರು, ನನಗಾಗಿ ಚಕ್ಕುಲಿ ತಂದಿದ್ದರು. ಡಬ್ಬಿಯ ತಳದಲ್ಲಿ ಎಣ್ಣೆ ಹೀರಿಕೊಂಡು ಮಲಗಿತ್ತು ನನ್ನ ಹಾಳೆ. ಅವತ್ತಿನಿಂದ ಎರಡಕ್ಕಿಂತ ಹೆಚ್ಚು ವ್ಯಾಯಾಮ ಯಾರಿಗೂ ಹೇಳಿಲ್ಲ. ನಿಮ್ಮ ಎರಡನೆಯದು ಮಹಡಿಯ ಮೆಟ್ಟಿಲು. ಕಂಬಿ ಹಿಡಿದು, ದಿನಕ್ಕೊಂದು ಸಲ ಹತ್ತಿ ಇಳಿಯಿರಿ. ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು, ಇಳಿಯುವಾಗ ಹೆಚ್ಚು ನೋಯುವ ಕಾಲು ಮೊದಲು.

ಪ್ರಶ್ನೆ: ಟೈಲರ್ ಕೆಲಸ, ವಯಸ್ಸು 51, ಶುಗರ್ ಇದೆ. ನಾಲ್ಕು ತಿಂಗಳಿಂದ ಎಡಗೈ ಮೇಲೆತ್ತಲು ಆಗುತ್ತಿಲ್ಲ. ಅಂಗಿ ಹಾಕಿಕೊಳ್ಳುವುದೂ ಕಷ್ಟ. ಜೋರಾಗಿ ಎಳೆದರೆ ಬಿಟ್ಟುಕೊಳ್ಳುತ್ತದೆ ಅನ್ನುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಯಾರಿಗೂ ಎಳೆಯಲು ಬಿಡಬೇಡಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಬಲಗೈಗಿಂತ ಎಡಗೈ ತೀರಾ ಕಡಿಮೆ ತಿರುಗಿ, ಬೇರೆಯವರು ತಿರುಗಿಸಿದರೂ ಅಲ್ಲೇ ನಿಂತರೆ ಅದು ಬಹುಪಾಲು ಫ್ರೋಜನ್ ಶೋಲ್ಡರ್. ಒಮ್ಮೆ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಭುಜದ ಕೀಲನ್ನು ಸುತ್ತಿದ ಚೀಲ ದಪ್ಪಗಾಗಿ ಬಿಗಿದುಕೊಂಡಿರುತ್ತದೆ, ಲೈನಿಂಗ್ ಕುಗ್ಗಿ ಹೊರಬಟ್ಟೆಯನ್ನು ಹಿಡಿದೆಳೆದ ಕೋಟಿನ ಹಾಗೆ. ಶುಗರ್ ಇರುವವರಿಗೆ ಇದು ಹೆಚ್ಚು.

ಬಲಗೈಯನ್ನು ಮಿಷನ್ ಟೇಬಲ್ಲಿಗೆ ಊರಿ ಮುಂದೆ ಬಾಗಿ, ಎಡಗೈ ಜೋತುಬಿಡಿ. ಕೈಯನ್ನು ಆಡಿಸಬೇಡಿ, ಸೊಂಟವನ್ನು ತೂಗಿ. ಗಡಿಯಾರದ ಲೋಲಕದಂತೆ ಕೈ ತಾನೇ ತೂಗುತ್ತದೆ. ಎರಡು ನಿಮಿಷ, ದಿನಕ್ಕೆ ಮೂರು ಸಲ. ಬಿಸಿನೀರಿನ ಸ್ನಾನವಾದ ಮೇಲಾದರೆ ಇನ್ನೂ ಸುಲಭ. ಪೂರ್ತಿ ಸಡಿಲಾಗಲು ವರ್ಷ ಮೀರಬಹುದು, ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ಪ್ರಶ್ನೆ: ಊರಿನಲ್ಲಿರುವ ಅಪ್ಪನಿಗೆ 84. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದರು, ಮೂಳೆ ಮುರಿಯಲಿಲ್ಲ. ಆಮೇಲೆ ನಾವು ಅವರನ್ನು ತೋಟಕ್ಕೆ ಬಿಡುತ್ತಿಲ್ಲ. ಈ ವಯಸ್ಸಿನಲ್ಲಿ ವ್ಯಾಯಾಮ ಬೇಕೇ?
– ಓದುಗರು, ಬೆಂಗಳೂರು

ಉತ್ತರ: 1990ರಲ್ಲಿ ಅಮೆರಿಕದ ವೈದ್ಯರು 86ರಿಂದ 96 ವರ್ಷದ ಹತ್ತು ಮಂದಿ ವೃದ್ಧಾಶ್ರಮವಾಸಿಗಳಿಂದ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಏರಿತು. ನಿಮ್ಮ ಅಪ್ಪ ಆ ಗುಂಪಿನ ಎಲ್ಲರಿಗಿಂತ ಚಿಕ್ಕವರು.

ಬೀಳುತ್ತಾರೆಂದು ಕೂರಿಸಿದರೆ ಕಾಲು ಇನ್ನಷ್ಟು ಸೋತು, ಮತ್ತೆ ಬೀಳುವುದೇ ಹೆಚ್ಚು. ಕಿಟಕಿಯ ಸರಳು ಹಿಡಿದು ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಸೆಕೆಂಡ್ ನಿಲ್ಲಲಿ, ಪಕ್ಕದಲ್ಲಿ ಒಬ್ಬರಿರಲಿ. ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಬಚ್ಚಲಿಗೆ ಹಿಡಿಕಂಬಿ ಹಾಕಿಸಿ, ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿ.ಪಿ. ನೋಡಿಸಿ. ನಿಂತಾಗ ಇಳಿಯುತ್ತಿದ್ದರೆ ಅವರ ಮಾತ್ರೆಗಳನ್ನು ಡಾಕ್ಟರು ಮತ್ತೊಮ್ಮೆ ನೋಡಬೇಕು. ತೋಟಕ್ಕೆ ಕೋಲು ಕೊಟ್ಟು ಕಳಿಸಿ, ಮೊದಲ ವಾರ ಜೊತೆಗೆ ನೀವೂ ಹೋಗಿ.

ಪ್ರಶ್ನೆ: 13ರ ಮಗ ಡಂಬೆಲ್ ಬೇಕೆಂದು ಹಟ ಹಿಡಿದಿದ್ದಾನೆ. ಕುಳ್ಳಾಗಿಬಿಡುತ್ತಾನೆಯೇ?
– ಓದುಗರು, ತುಮಕೂರು

ಉತ್ತರ: ಆಗುವುದಿಲ್ಲ. ಹಗುರವಾದದ್ದು ತಂದುಕೊಡಿ, ಕಲಿಸುವವರು ಎದುರಿಗಿರಲಿ, ಗೆಳೆಯರ ಜೊತೆ ಪೈಪೋಟಿಗೆ ಬಿದ್ದು ಎತ್ತುವುದು ಬೇಡ. ಈ ವಯಸ್ಸಿನವರಿಗೆ ದಿನಕ್ಕೆ 60 ನಿಮಿಷ ಮೈ ಬೆವರಬೇಕು. ಟ್ಯೂಷನ್‌ಗೆ ಸ್ಕೂಟರಿನಲ್ಲಿ ಬಿಟ್ಟು ಬರುವವರು ನೀವೇ ಆಗಿದ್ದರೆ ನಾಳೆಯಿಂದ ಸೈಕಲ್‌ನಲ್ಲಿ ಕಳಿಸಿ.