ಡಬ್ಬಿಯಲ್ಲಿ ಉಳಿದ ಒಂದು ಮಿಠಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

“ಇಷ್ಟು ಸಣ್ಣ ವಯಸ್ಸಿಗೇ ಹೊಟ್ಟೆಕಿಚ್ಚು ಬರುತ್ತದೆಯೇ ಮೇಡಂ?” ಎಂದು ನನ್ನ ಬಳಿ ಸಲಹೆಗೆ ಬಂದು ಕೇಳಿದ ತಾಯಿಯ ಪಕ್ಕದಲ್ಲಿ ಏಳೂವರೆ ವರ್ಷದ ಮಗಳು ಮುಖ ಊದಿಸಿಕೊಂಡು ಕುಳಿತಿದ್ದಳು.

ಕೂಡುಕುಟುಂಬ. ಮನೆಯಲ್ಲಿ ಇವಳು, ನಾಲ್ಕು ವರ್ಷದ ತಂಗಿ, ದೊಡ್ಡಪ್ಪನ ಹನ್ನೊಂದು ವರ್ಷದ ಮಗ. ಅಜ್ಜಿ ಕೊಬ್ಬರಿ ಮಿಠಾಯಿಯನ್ನು ತಲಾ ಎರಡರಂತೆ ಹಂಚಿದಾಗ ಡಬ್ಬಿಯಲ್ಲಿ ಒಂದು ಉಳಿಯಿತು. ಎಂದಿನಂತೆ ಅದು ಅಣ್ಣನ ಕೈ ಸೇರುವಷ್ಟರಲ್ಲಿ ಇವಳು ಕಿತ್ತುಕೊಂಡು ಬಚ್ಚಲಿಗೆ ಎಸೆದಳು. ತಾನೂ ತಿನ್ನಲಿಲ್ಲ. ಬೆನ್ನಿಗೆ ಎರಡು ಏಟು ಬಿದ್ದವು.

“ಅಜ್ಜಿ ಏನು ಮಾಡಬೇಕಿತ್ತು?” ಎಂದು ಮಗುವನ್ನು ಕೇಳಿದೆ. “ಮೂರು ಚೂರು ಮಾಡಬೇಕಿತ್ತು. ಇಲ್ಲದಿದ್ದರೆ ಯಾರಿಗೂ ಬೇಡ.” ಅದು ನಿನಗೇ ಸಿಕ್ಕಿದ್ದರೆ? ಸ್ವಲ್ಪ ತಡೆದು, “ಅದೂ ಸರಿಯಲ್ಲ” ಎಂದಳು. ನಿಜಕ್ಕೂ ಬಿಟ್ಟುಕೊಡುತ್ತಿದ್ದಳೆಂದು ನಾನು ಪಣ ಕಟ್ಟಲಾರೆ. ಈ ವಯಸ್ಸಿನಲ್ಲಿ ನ್ಯಾಯ ಬಾಯಿಗೆ ಮೊದಲು ಬರುತ್ತದೆ, ಕೈಗೆ ಆಮೇಲೆ.

ಆದರೂ ಇದು ಹೊಟ್ಟೆಕಿಚ್ಚಲ್ಲ. 2012ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ಅಲೆಕ್ಸ್ ಶಾ ಮತ್ತು ಕ್ರಿಸ್ಟಿನಾ ಓಲ್ಸನ್ ಅವರ ಅಧ್ಯಯನದಲ್ಲಿ, ಕೋಣೆ ಚೊಕ್ಕಟ ಮಾಡಿದ ಇಬ್ಬರು ಹುಡುಗರಿಗೆ ಐದು ರಬ್ಬರ್ ಹಂಚುವ ಪ್ರಶ್ನೆ ಬಂದಾಗ, ಆರರಿಂದ ಎಂಟು ವರ್ಷದ ಹೆಚ್ಚಿನ ಮಕ್ಕಳು ಐದನೆಯದನ್ನು ಕಸಕ್ಕೆ ಹಾಕಿ ಎಂದರು. ಒಬ್ಬ ಹೆಚ್ಚು ದುಡಿದಿದ್ದಾನೆ ಎಂದು ತಿಳಿಸಿದಾಗ ಮಾತ್ರ ಅದನ್ನು ಅವನಿಗೆ ಕೊಡಿಸಿದರು. ಒಪ್ಪುವಂಥ ಕಾರಣ ಇದ್ದರೆ ಮಕ್ಕಳು ಹೆಚ್ಚುಕಡಿಮೆಯನ್ನು ಸಹಿಸುತ್ತಾರೆ. ನಾಲ್ಕರ ತಂಗಿಗೆ ಈ ತಕರಾರೇ ಇರಲಿಲ್ಲ. ತನ್ನ ಪಾಲು ಕಡಿಮೆಯಾಗದಿದ್ದರೆ ಅವಳಿಗೆ ಸಾಕು.

ಇಲ್ಲಿ ಅಜ್ಜಿಯ ಕಾರಣ ಏನಿತ್ತು? ತಾಯಿ ದನಿ ತಗ್ಗಿಸಿ ಹೇಳಿದರು: “ಗಂಡು ಹುಡುಗ, ತಿನ್ನಲಿ ಬಿಡು ಎನ್ನುತ್ತಾರೆ.” ಹಾಲಿನ ಕೆನೆ, ಕೊನೆಯ ದೋಸೆ, ಎಲ್ಲಕ್ಕೂ ಅದೇ ಮಾತಂತೆ. ಹಾಗಾದರೆ ಸರಿಪಡಿಸಬೇಕಾದದ್ದು ಮಗುವನ್ನಲ್ಲ.

ತಿನ್ನುವ ಪದಾರ್ಥ ಎಸೆದದ್ದು ತಪ್ಪು, ಅದಷ್ಟನ್ನೇ ಹೇಳಿ. ಹೊಟ್ಟೆಕಿಚ್ಚಿನವಳು ಎಂದು ಹಣೆಪಟ್ಟಿ ಹಚ್ಚಬೇಡಿ ಎಂದೆ. ಉಳಿದದ್ದು ಯಾರಿಗೆ ಎಂಬುದು ಡಬ್ಬಿ ತೆರೆಯುವ ಮೊದಲೇ ಮಕ್ಕಳ ನಡುವೆ ತೀರ್ಮಾನವಾಗಲಿ. ಕತ್ತರಿಸಿದವರು ತಮ್ಮ ಚೂರನ್ನು ಕೊನೆಗೆ ಎತ್ತಿಕೊಳ್ಳಲಿ. ಆಗ ಚಾಕು ತಾನಾಗಿ ನೇರ ಹೋಗುತ್ತದೆ. ಕೊಬ್ಬರಿ ತುರಿದವರಿಗೆ ಒಂದು ಹೆಚ್ಚು ಎಂದರೆ ತುರಿಯುವ ಸರದಿ ಇವಳಿಗೂ ಸಿಗಬೇಕು.

“ಅತ್ತೆಗೆ ನಾನು ಹೇಗೆ ಹೇಳಲಿ?”

“ನೀವು ಹೇಳುವುದು ಬೇಡ. ನಿಮ್ಮ ಯಜಮಾನರು ಹೇಳಲಿ, ಮಕ್ಕಳ ಎದುರಿಗಲ್ಲ.” ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬರುವಂತೆ ತಿಳಿಸಿದೆ.