ಹಿಮಯುಗಗಳ ನಡುವಿನ ಬಿಸಿ, ಈಗಿನ ಬಿಸಿ

ಕುಮಟಾದಿಂದ ನೀವು ಕೇಳಿದ್ದು: 'ಹಿಮಯುಗಗಳ ನಡುವೆ ಭೂಮಿ ತಾನಾಗೇ ಬಿಸಿಯಾಗುತ್ತಿತ್ತಂತೆ, ಈಗಿನದೂ ಅದೇ ಅಲ್ಲವೇ?'

ಅಲ್ಲ. ನಾವು ಅಂಥದೊಂದು ಬೆಚ್ಚನೆಯ ಅವಧಿಯಲ್ಲೇ ಇದ್ದೇವೆ, ನಿಜ. ಅದು ಶುರುವಾಗಿ ಸುಮಾರು 11,700 ವರ್ಷ. ಅದನ್ನು ತಂದದ್ದು ಭೂಮಿಯ ಕಕ್ಷೆ ಮತ್ತು ವಾಲುವಿಕೆಯ ನಿಧಾನ ಬದಲಾವಣೆ. ಉತ್ತರಾರ್ಧಗೋಳದ ಬೇಸಿಗೆಗೆ ಬಿಸಿಲು ಹೆಚ್ಚಿತು, ಹಿಮ ಕರಗಿತು, ಸಮುದ್ರದಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಆ ಬಿಸಿಯನ್ನು ಇನ್ನಷ್ಟು ಏರಿಸಿತು. ಈ ಅನಿಲದ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಕ್ಕೆ 190ರಿಂದ 265ರ ಆಸುಪಾಸಿಗೆ ಬರಲು ಸುಮಾರು 7,000 ವರ್ಷ ಹಿಡಿಯಿತು. ಕಾರ್ಖಾನೆಗಳ ಕಾಲದಿಂದೀಚೆಗೆ, 300 ವರ್ಷದೊಳಗೆ, 280 ಇದ್ದದ್ದು 420 ದಾಟಿದೆ! ಕಕ್ಷೆಯ ಲೆಕ್ಕ ನೋಡಿದರೆ ಉತ್ತರಾರ್ಧಗೋಳದ ಬೇಸಿಗೆಯ ಬಿಸಿಲು ಸುಮಾರು 10,000 ವರ್ಷಗಳಿಂದ ಇಳಿಯುತ್ತಲೇ ಬಂದಿದೆ. ಅಂದರೆ ಈಗ ಭೂಮಿ ಮೆಲ್ಲಗೆ ತಣ್ಣಗಾಗಬೇಕಿತ್ತು.

ಸಮುದ್ರದ ವಿಷಯ ನಮ್ಮ ಕರಾವಳಿಗೆ ಹತ್ತಿರದ್ದು. ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ನೀರು 120 ಮೀಟರ್‌ನಷ್ಟು ಕೆಳಗಿತ್ತು. ಕಾರವಾರದ ಕುರುಮಗಡ, ದೇವಗಡ ದ್ವೀಪಗಳು ಆಗ ಒಣನೆಲದ ಗುಡ್ಡಗಳು. ಹಿಂದಿನ ಬೆಚ್ಚನೆಯ ಅವಧಿಯಲ್ಲಿ, ಸುಮಾರು 1.25 ಲಕ್ಷ ವರ್ಷದ ಹಿಂದೆ, ಜಗತ್ತು ಕೈಗಾರಿಕೆಗಿಂತ ಮುಂಚಿನ ಕಾಲಕ್ಕಿಂತ ಒಂದು ಡಿಗ್ರಿಯ ಆಸುಪಾಸು ಮಾತ್ರ ಬಿಸಿ. ಆದರೂ ಕಡಲು ಇಂದಿಗಿಂತ 6ರಿಂದ 9 ಮೀಟರ್ ಮೇಲಿತ್ತು. ಹಿಮ ಕರಗಲು ಶತಮಾನಗಳೇ ಬೇಕು, ನಾಳೆಯೇ ಅಷ್ಟು ಏರುವುದಿಲ್ಲ. ಆದರೆ ಅಘನಾಶಿನಿ ನದಿಯ ಗಜನಿ ಗದ್ದೆ (ಉಪ್ಪುನೀರಿನ ತಗ್ಗು ಗದ್ದೆ) ಮುಳುಗಲು ಮೀಟರುಗಟ್ಟಲೆ ಬೇಡ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆದೀತು. ಕಟ್ಟೆ ಮೀರಿ ದಿನವೂ ನುಗ್ಗುವ ಭರತದ ನೀರನ್ನು ತಡೆಯದು.